ಮಿನಿಯ 1275 ಎಂಜಿನ್‌ಗೆ ಯಾವ ಕ್ಯಾಮ್‌ಶಾಫ್ಟ್: 266, 276, 286?

ಹಳೇ ಮಿನಿಯ ಎಂಜಿನ್ ಕೆಳಗಿಳಿಸಿದರೆ ಸಾಕು, ಸುತ್ತ ನಿಂತವರೆಲ್ಲ ದೊಡ್ಡ ಕ್ಯಾಮ್ (ಎಂಜಿನ್‌ನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್) ಹಾಕಿಸಿಬಿಡು ಅನ್ನುತ್ತಾರೆ. ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. 2000ನೇ ಇಸವಿಯವರೆಗೂ ಮಿನಿ ತಯಾರಾಗುತ್ತಿದ್ದ ಲಾಂಗ್‌ಬ್ರಿಜ್ ಇಲ್ಲೇ ಇದೆ, ಹಾಗಾಗಿ ಸಲಹೆಗೇನೂ ಬರವಿಲ್ಲ. ನನ್ನ ಮಿನಿಯ 1275 ಸಿಸಿ ಎಂಜಿನ್‌ನಲ್ಲಿ (ಎ-ಸೀರೀಸ್ ಅನ್ನುವುದು ಇದನ್ನೇ) ಕೆಂಟ್ ಕಂಪನಿಯ 266, 276, 286 ಮೂರನ್ನೂ ಓಡಿಸಿ ನೋಡಿದ್ದೇನೆ. ದಿನಾ ರಸ್ತೆಗಿಳಿಯುವ ಗಾಡಿ ಆದರೆ ಕಣ್ಣುಮುಚ್ಚಿ 266 ಹಾಕಿಸಿ.

ಈ ನಂಬರ್ ದೊಡ್ಡದಾದಷ್ಟೂ ವಾಲ್ವ್ ಜಾಸ್ತಿ ಹೊತ್ತು ತೆರೆದಿರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಅದು ಲಾಭ, ಕೆಳಗೆ ನಷ್ಟ. ಎಲ್ಲಾ ಎಂಜಿನ್‌ಗೂ ಇದು ನಿಜವೇ, ಆದರೆ ಎ-ಸೀರೀಸ್‌ನಲ್ಲಿ ಇನ್ನೊಂದು ತೊಡಕಿದೆ. ಇದರ ಹೆಡ್‌ನಲ್ಲಿ, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗದಲ್ಲಿ, ನಾಲ್ಕು ಸಿಲಿಂಡರ್‌ಗೆ ಇನ್‌ಲೆಟ್ ಪೋರ್ಟ್ (ಗಾಳಿ-ಪೆಟ್ರೋಲ್ ಒಳಬರುವ ದಾರಿ) ಎರಡೇ. 1, 2ಕ್ಕೆ ಒಂದು, 3, 4ಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಕೆಲಸ ಮಾಡುವ ಸರದಿ) 1-3-4-2 ಆದ್ದರಿಂದ ಎರಡನೇ ಸಿಲಿಂಡರ್ ಇನ್ನೂ ಎಳೆದುಕೊಳ್ಳುತ್ತಿರುವಾಗಲೇ ಒಂದನೆಯದೂ ಅದೇ ಪೋರ್ಟ್‌ನಿಂದ ಎಳೆಯಲು ಶುರು ಮಾಡುತ್ತದೆ, ಅಂದರೆ ಒಂದರ ತುತ್ತಿಗೆ ಇನ್ನೊಂದು ಕೈ ಹಾಕಿದ ಹಾಗೆ. ಕ್ಯಾಮ್ ದೊಡ್ಡದಾದಷ್ಟೂ ಈ ಕಿತ್ತಾಟ ಜಾಸ್ತಿ.

286 ಹಾಕಿದಾಗ ಐಡಲ್‌ನಲ್ಲೇ ಗೊತ್ತಾಗುತ್ತದೆ. ಗಾಡಿ ಅಲ್ಲಾಡುತ್ತಾ ನಿಂತಿರುತ್ತದೆ, ಐಡಲ್ 1,000ಕ್ಕಿಂತ ಮೇಲೆ ಇಡಲೇಬೇಕು. 3,000 ದಾಟುವವರೆಗೆ ಸಪ್ಪೆ, 4,000 ದಾಟಿದ ಮೇಲೆ ಎಂಥಾ ಎಳೆತ ಅಂತೀರಿ! ವೇಲ್ಸ್‌ನ ಬೆಟ್ಟದ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ತಿರುವಿನಿಂದ ಹೊರಗೆ ಬರುವಾಗ ಆ ಸದ್ದು ಕೇಳಿದರೆ ಇಳಿಯಲು ಮನಸ್ಸೇ ಬರಲ್ಲ. ಆದರೆ ಊರೊಳಗೆ 30 ಮೈಲಿ ಮಿತಿಯಲ್ಲಿ ಟಾಪ್ ಗೇರಿಗೆ ಹಾಕಿದರೆ 2,000ದ ಆಸುಪಾಸಿನಲ್ಲೇ ಇರುತ್ತೀರಿ, ಅಲ್ಲಿ ಗಾಡಿ ಮುಗ್ಗರಿಸುತ್ತದೆ. ಜೊತೆಗೆ ಕಂಪ್ರೆಶನ್ ಏರಿಸಬೇಕು, ಡಬಲ್ ವಾಲ್ವ್ ಸ್ಪ್ರಿಂಗ್ ಬೇಕು, ಕಾರ್ಬ್ಯುರೇಟರ್ ಸೂಜಿಯಿಂದ ಹಿಡಿದು ಡಿಸ್ಟ್ರಿಬ್ಯೂಟರ್‌ವರೆಗೆ ಎಲ್ಲಾ ಹೊಂದಿಸಬೇಕು.

276 ನಡುವಿನದು. ಕೆಟ್ಟದ್ದಲ್ಲ, ಹೆಡ್ ಕೆಲಸ ಮಾಡಿಸಿದ್ದು ಆಗಾಗ ಟ್ರ್ಯಾಕ್‌ಗೂ ಹೋಗುವವರಿಗೆ ಸರಿ.

266ರಲ್ಲಿ ಐಡಲ್ ಹೆಚ್ಚುಕಮ್ಮಿ ಮೂಲ ಎಂಜಿನ್ ಥರಾನೇ. ಟ್ರಾಫಿಕ್‌ನಲ್ಲಿ ಮೂರನೇ ಗೇರ್‌ನಲ್ಲೇ ಬಿಟ್ಟು ಸುಮ್ನೆ ಕಾಲು ಒತ್ತಿದರೂ ಎಳೆಯುತ್ತದೆ, ಆದರೂ ಮೇಲೆ 6,000ದವರೆಗೆ ಖುಷಿಯಾಗಿ ಹೋಗುತ್ತದೆ. ನಾವು ಗಾಡಿ ಓಡಿಸುವ ಬಹುಪಾಲು ಹೊತ್ತು 2,000ದಿಂದ 4,000ದ ನಡುವೆ ತಾನೇ? ಬಲ ಬೇಕಾಗಿರುವುದೂ ಅಲ್ಲೇ. ಕಾಸು ಕಮ್ಮಿ ಇದ್ದರೆ 1982ರಲ್ಲಿ ಬಂದ ಎಂಜಿ ಮೆಟ್ರೋದ ಕ್ಯಾಮ್ ಹುಡುಕಿ. ಅದೇ 1275ರಿಂದ 72 ಬಿಎಚ್‌ಪಿ ತೆಗೆದ ಕ್ಯಾಮ್ ಅದು.

ಯಾವುದನ್ನೇ ಕೊಳ್ಳಿ, ಮೊದಲು ನಿಮ್ಮ ಆಯಿಲ್ ಪಂಪ್ ನೋಡಿಕೊಳ್ಳಿ. ಪಂಪ್ ತಿರುಗುವುದು ಕ್ಯಾಮ್‌ನ ತುದಿಯಿಂದ. ಆ ತುದಿಯಲ್ಲಿ ಪಿನ್, ಸ್ಟಾರ್, ಸ್ಲಾಟ್ ಅಂತ ಮೂರು ಬಗೆ ಇದೆ, ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಕ್ಯಾಮ್‌ಗೆ ಒತ್ತಿಕೊಂಡು ಮೇಲೆ ಕೆಳಗೆ ಆಡುವ ಹಳೇ ಫಾಲೋವರ್ ಮತ್ತೆ ಹಾಕಲೇಬೇಡಿ. ಕ್ಯಾಮ್‌ನ ಲೋಬ್‌ಗಳಿಗೆ (ಫಾಲೋವರ್ ಎತ್ತುವ ಉಬ್ಬುಗಳಿಗೆ) ಕ್ಯಾಮ್ ಪೇಸ್ಟ್ ಬಳಿದು, ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 2,000ದ ಮೇಲೆ ಇಪ್ಪತ್ತು ನಿಮಿಷ ಓಡಿಸಿ. ಇಲ್ಲಾಂದ್ರೆ ಹೊಸ ಲೋಬ್ ಸವೆದು ಹೋಗುತ್ತದೆ. ಜಿಂಕ್ ಇರುವ ಆಯಿಲ್ಲೇ ಹಾಕಿ.

266 ಹಾಕಿಸಿದ ಮೇಲೂ ಇನ್ನಷ್ಟು ಬೇಕು ಅನಿಸಿದರೆ 1.5 ಅನುಪಾತದ ರಾಕರ್ (ವಾಲ್ವ್ ಒತ್ತುವ ತೋಳು) ಸಿಗುತ್ತದೆ. ಅದು ವಾಲ್ವ್ ಇನ್ನೂ ಎತ್ತರಕ್ಕೆ ಏಳುವಂತೆ ಮಾಡುತ್ತದೆ, ಆದ್ದರಿಂದ ಸ್ಪ್ರಿಂಗ್ ಪೂರ್ತಿ ಒತ್ತಿಹೋಗುತ್ತಿಲ್ಲ ಅಂತ ನೋಡಿಕೊಂಡು ಹಾಕಿ. ಇದಕ್ಕೆ ಎಂಜಿನ್ ಇಳಿಸಬೇಕಿಲ್ಲ, ರಾಕರ್ ಕವರ್ ಬಿಚ್ಚಿದರೆ ಸಾಕು.