ಹ್ಯಾಮ್ ಜೊತೆ ಬರುವ ಗ್ಲೇಜ್ ಪೊಟ್ಟಣ: ಹಣ್ಣು, ಹುಳಿ ಸೇರಿಸಿದರೆ ಮಾತ್ರ

ಅಮೆರಿಕದ ಅಂಗಡಿಗಳಲ್ಲಿ ಈಸ್ಟರ್, ಕ್ರಿಸ್‌ಮಸ್ ಹೊತ್ತಿಗೆ ರಾಶಿ ಬೀಳುವ, ಸುರುಳಿಯಾಗಿ ಬಿಲ್ಲೆ ಕತ್ತರಿಸಿದ ಹಂದಿತೊಡೆಯ ಮಾಂಸ, ಅಂದರೆ ಸ್ಪೈರಲ್ ಕಟ್ ಹ್ಯಾಮ್‌ಗಳ ಜೊತೆ ಸಾಮಾನ್ಯವಾಗಿ ಒಂದು ಗ್ಲೇಜ್ (ಮೇಲೆ ಸವರುವ ಸಿಹಿ ಲೇಪ) ಪೊಟ್ಟಣ ಇರುತ್ತದೆ. ಪುಡಿಗೆ ಒಂದೆರಡು ಚಮಚ ನೀರು ಬೆರೆಸಿ, ಕುದಿಸಿ, ಸವರಿದರೆ ಆಯಿತು. ಬ್ರ್ಯಾಂಡ್ ಯಾವುದೇ ಇರಲಿ, ಒಳಗಿನ ಸರಕಿನಲ್ಲಿ ಬಹುಪಾಲು ಸಕ್ಕರೆ. ಜೊತೆಗೆ ಚೂರು ಜೇನಿನ ಪುಡಿ, ಲವಂಗ, ದಾಲ್ಚಿನ್ನಿ. ಸೂಚನೆಯಂತೆಯೇ ಮಾಡಿದರೆ ಐದಕ್ಕೆ ಎರಡು ಅಂಕ.

ಅಂಕ ಕಡಿಮೆಯಾಗಲು ಮೊದಲ ಕಾರಣ ಹುಳಿಯ ಕೊರತೆ. ಹ್ಯಾಮ್ ಉಪ್ಪುನೀರು ಹೀರಿ, ಹೊಗೆ ಕುಡಿದು ಬಂದ ಮಾಂಸ. ಅದರ ಮೇಲೆ ಬರೀ ಸಿಹಿ ಬಿದ್ದರೆ ಹುಣಸೆಹುಳಿ ಮರೆತ ಅನಾನಸ್ ಗೊಜ್ಜಿನಂತಾಗುತ್ತದೆ, ಎರಡನೇ ತುಂಡಿಗೇ ಸಾಕೆನಿಸುತ್ತದೆ. ಎರಡನೆಯದು, ಈ ಪಾಕ ನಿಲ್ಲುವುದಿಲ್ಲ. ಬಿಸಿ ಮಾಂಸದಿಂದ ನೀರು ಬಿಡುತ್ತಲೇ ಇರುತ್ತದೆ, ಸಕ್ಕರೆ ಅದರ ಜೊತೆ ಇಳಿದು ತಟ್ಟೆಯ ತಳದಲ್ಲಿ ಸೀಯುತ್ತದೆ. ಹಣ್ಣಿನ ಜಾಮ್‌ನಲ್ಲಿ ಪೆಕ್ಟಿನ್ ಎಂಬ ಅಂಟು ಇರುವುದರಿಂದ ಅದು ಅಂಟಿ ಕೂರುತ್ತದೆ.

ಹಾಗಾಗಿ 8 ಪೌಂಡ್ (ಸುಮಾರು 3.6 ಕೆ.ಜಿ.) ಹ್ಯಾಮ್‌ಗೆ ಈ ಅಳತೆ: ಏಪ್ರಿಕಾಟ್ ಜಾಮ್ 1 ಕಪ್, ಅನಾನಸ್ ರಸ ಅರ್ಧ ಕಪ್, ಬ್ರೌನ್ ಶುಗರ್ ಅರ್ಧ ಕಪ್, ಡಿಜಾನ್ ಸಾಸಿವೆ ಪೇಸ್ಟ್ 2 ದೊಡ್ಡ ಚಮಚ, ಸೈಡರ್ ವಿನೆಗರ್ 1 ದೊಡ್ಡ ಚಮಚ, ಲವಂಗದ ಪುಡಿ ಕಾಲು ಟೀ ಚಮಚ, ಚಿಟಿಕೆ ಖಾರದ ಪುಡಿ. ಉಪ್ಪು ಖಂಡಿತ ಬೇಡ. ಬ್ರೌನ್ ಶುಗರ್ ಬದಲು ಪೊಟ್ಟಣದ ಪುಡಿಯನ್ನೇ ಸುರಿಯಬಹುದು, ಆಗ ಲವಂಗ ಬಿಡಿ. ಹೀಗೆ ಬಳಸಿದರೆ ಅದೇ ಪೊಟ್ಟಣಕ್ಕೆ ಮೂರೂವರೆ ಕೊಡಬಹುದು.

ಎಲ್ಲವನ್ನೂ ದಪ್ಪ ತಳದ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ 8ರಿಂದ 10 ನಿಮಿಷ ಕುದಿಸಿ. ಚಮಚದ ಬೆನ್ನಿಗೆ ಹತ್ತಿದ್ದರ ಮೇಲೆ ಬೆರಳಿಂದ ಗೀರಿದಾಗ ಗೆರೆ ಕೂಡಿಕೊಳ್ಳದಿದ್ದರೆ ಹದ ಬಂತು. ಎಳೆ ಪಾಕಕ್ಕೆ ಕಾಯುತ್ತ ಕೂತರೆ ಆರಿದ ಮೇಲೆ ಗಟ್ಟಿಯಾಗಿ ಬ್ರಷ್ಷಿಗೇ ಅಂಟಿಕೊಳ್ಳುತ್ತದೆ. ಹಾಗಾದರೆ ಒಂದು ಚಮಚ ಬಿಸಿ ರಸ ಹಾಕಿ ಸಡಿಲಿಸಿ. ತಾಜಾ ಅನಾನಸ್ ರಸವಾದರೆ ಕುದಿಸದೆ ಸವರಬೇಡಿ. ಅದರ ಬ್ರೋಮೆಲಿನ್ ಕಿಣ್ವ ಮಾಂಸದ ಪ್ರೋಟೀನನ್ನು ಒಡೆದು ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ. ಡಬ್ಬಿಯ ರಸ ಮೊದಲೇ ಬಿಸಿ ಕಂಡದ್ದು, ಆ ತೊಂದರೆಯಿಲ್ಲ.

ಗ್ಲೇಜ್ ಹಾಳಾಗುವುದು ಹೆಚ್ಚಾಗಿ ಅವಸರದಿಂದ. ಮೊದಲೇ ಸವರಿಬಿಟ್ಟರೆ ಒಳಗೆ ಬಿಸಿಯಾಗುವಷ್ಟರಲ್ಲಿ ಹೊರಗೆ ಕರಿ, ಕಹಿ. ಕತ್ತರಿಸಿದ ಮುಖ ಕೆಳಗಿಟ್ಟು, ತಟ್ಟೆಗೆ ಒಂದು ಕಪ್ ನೀರು ಹಾಕಿ, ಫಾಯಿಲ್ ಬಿಗಿಯಾಗಿ ಮುಚ್ಚಿ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಪೌಂಡಿಗೆ 10ರಿಂದ 18 ನಿಮಿಷದ ಲೆಕ್ಕದಲ್ಲಿ ಬಿಸಿ ಮಾಡಿ. ಗಡಿಯಾರಕ್ಕಿಂತ ಥರ್ಮಾಮೀಟರ್ ನಂಬಿ, ಮೂಳೆಗೆ ತಾಗದಂತೆ ಚುಚ್ಚಿ. ಒಳಗೆ 120 ತೋರಿಸಿದಾಗ ಫಾಯಿಲ್ ತೆಗೆದು ಓವನ್ 400ಕ್ಕೆ ಏರಿಸಿ. ಮೈಯನ್ನು ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿ, ಅರ್ಧ ಗ್ಲೇಜ್ ಸವರಿ. ಹತ್ತು ನಿಮಿಷದ ನಂತರ ಉಳಿದದ್ದು, ಮತ್ತೆ ಹತ್ತು ನಿಮಿಷ. ಅಂಚುಗಳಲ್ಲಿ ಸಣ್ಣ ಗುಳ್ಳೆ ಎದ್ದು ಬಣ್ಣ ಕಂದು ತಿರುಗಿದಾಗ, ಒಳಗೆ 140 ಮುಟ್ಟಿದ್ದರೆ ಹೊರಗೆ ತೆಗೆಯಿರಿ. ಮೊದಲೇ ಬೆಂದು, ಸರ್ಕಾರಿ ತಪಾಸಣೆಯ ಕಾರ್ಖಾನೆಯಲ್ಲೇ ಪ್ಯಾಕ್ ಆದ ಹ್ಯಾಮ್‌ಗೆ ಅಷ್ಟು ಸಾಕು. ಬೇರೆಡೆ ಮತ್ತೆ ಪ್ಯಾಕ್ ಮಾಡಿದ್ದಾದರೆ 165 ಬೇಕು. ಬಿಲ್ಲೆಗಳ ನಡುವೆ ಗ್ಲೇಜ್ ತುಂಬಲು ಹೋಗಬೇಡಿ, ಬಿಡಿಸಿದಷ್ಟೂ ಮಾಂಸ ಒಣಗುತ್ತದೆ.

ಲೇಬಲ್ ಓದದೆ ತಂದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ‘ಹ್ಯಾಮ್ ಆ್ಯಂಡ್ ವಾಟರ್ ಪ್ರಾಡಕ್ಟ್’ ಎಂದಿದ್ದರೆ ಅದರಲ್ಲಿ ಸೇರಿಸಿದ ನೀರಿನ ಪಾಲು ಜಾಸ್ತಿ, ಯಾವ ಜಾಮೂ ನಿಲ್ಲದು. ‘ವಿತ್ ನ್ಯಾಚುರಲ್ ಜ್ಯೂಸಸ್’ ಎಂದಿರುವುದನ್ನು ಹುಡುಕಿ.

ಬ್ರೌನ್ ಶುಗರ್ ಬದಲು ಇಂಡಿಯನ್ ಸ್ಟೋರಿನ ಬೆಲ್ಲವೂ ಆಗುತ್ತದೆ, ಬಣ್ಣ ಇನ್ನೂ ಚೆನ್ನ. ಆದರೆ ಅಚ್ಚುಬೆಲ್ಲವನ್ನು ಅನಾನಸ್ ರಸದಲ್ಲಿ ಕರಗಿಸಿ ಸೋಸಲೇಬೇಕು, ಮರಳಿನ ಕಣ ಹಲ್ಲಿಗೆ ಸಿಕ್ಕೀತು. ಜೋನಿ ಬೆಲ್ಲವಿದ್ದರೆ ನೇರ ಸುರಿಯಿರಿ, ರಸವನ್ನು ಎರಡು ದೊಡ್ಡ ಚಮಚ ಕಡಿಮೆ ಮಾಡಿ.