ಬಾನು ಮುಷ್ತಾಕ್ ಜೊತೆಗೆ ಯಾರು?

ಪಿಎಚ್‌ಡಿಗೆ ಬಾನು ಮುಷ್ತಾಕ್ ಕತೆಗಳ ಜೊತೆ ಹೋಲಿಕೆಗೆ ಹಿಂದಿ ಲೇಖಕಿ ಗೀತಾಂಜಲಿ ಶ್ರೀ ತಗೊಳ್ಳಲಾ, ಕೊರಿಯನ್ ಲೇಖಕಿ ಹಾನ್ ಕಾಂಗ್ ತಗೊಳ್ಳಲಾ ಅಂತ ಕೇಳಿದ್ದೀರಿ. ಮೂವರಿಗೂ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿದೆ (2025, 2022, 2016). ಸುಮ್ನೆ ಅದನ್ನೇ ಕಾರಣ ಮಾಡ್ಕೋಬೇಡಿ.

ಮೊದಲು ಭಾಷೆ. ಹಿಂದಿ ಚೆನ್ನಾಗಿ ಬಂದರೆ ಗೀತಾಂಜಲಿ ಶ್ರೀ ಅವರ ಕಾದಂಬರಿ ‘ರೇತ್ ಸಮಾಧಿ’ಯನ್ನು ಮೂಲದಲ್ಲೇ ಓದಬಹುದು. ಕೊರಿಯನ್ ಬರದಿದ್ದರೆ ಅನುವಾದವೇ ಗತಿ. ಹಾನ್ ಕಾಂಗ್ ಕಾದಂಬರಿ ‘ದಿ ವೆಜಿಟೇರಿಯನ್’ನ ಇಂಗ್ಲಿಷ್ ಅನುವಾದದ ಮೇಲಂತೂ ದೊಡ್ಡ ಜಗಳವೇ ಆಗಿದೆ. ಆದರೆ ನಿಮ್ಮ ವಿಷಯ ಅನುವಾದವೇ ಆದರೆ ಆ ಜಗಳವೇ ಬಂಡವಾಳ, ಅಲ್ವಾ? ಬಾನು ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ನಲ್ಲಿ ಅನುವಾದಕಿ ದೀಪಾ ಭಸ್ತಿ ಕನ್ನಡ ಪದಗಳನ್ನು ಇಟಾಲಿಕ್ಸ್ ಮಾಡದೆ ಹಾಗೇ ಬಿಟ್ಟದ್ದನ್ನು ಪಕ್ಕದಲ್ಲಿಟ್ಟು ನೋಡಿ.

ಮನೆಯವರ ದಬ್ಬಾಳಿಕೆ ನಿಮ್ಮ ವಿಷಯವಾದರೆ ಹಾನ್ ಕಾಂಗ್: ಮಾಂಸ ಬಿಟ್ಟ ಮಗಳ ಬಾಯಿಗೆ ಅಪ್ಪನೇ ಮಾಂಸ ತುರುಕುತ್ತಾನೆ. ಮುಪ್ಪು, ದೇಶವಿಭಜನೆ ಆದರೆ ಗೀತಾಂಜಲಿ ಶ್ರೀ: ಗೋಡೆಗೆ ಮುಖ ಮಾಡಿ ಮಲಗಿದ್ದ ಎಂಬತ್ತರ ಅಜ್ಜಿ ಎದ್ದು ಪಾಕಿಸ್ತಾನಕ್ಕೇ ಹೊರಡುತ್ತಾಳೆ. ಸಮಯ ಜಾಸ್ತಿ ಬೇಕಾಗುವುದೂ ಇದಕ್ಕೇ.