ಡೀಪ್‌ಕೂಲ್ ಎಕೆ400: ರೈಜನ್ 7 5800ಎಕ್ಸ್‌ನ ಬಿಸಿಗೆ ಇಷ್ಟು ಸಾಕೇ?

ಬಿ450 ಮದರ್‌ಬೋರ್ಡ್‌ನಲ್ಲಿ ರೈಜನ್ 5 2600 ಪ್ರೊಸೆಸರ್ ಇಟ್ಟುಕೊಂಡವರು ಬೋರ್ಡ್, ರ‍್ಯಾಮ್ ಯಾವುದನ್ನೂ ಬದಲಿಸದೆ ರೈಜನ್ 7 5800ಎಕ್ಸ್‌ಗೆ ಹೋಗಬಹುದು. ಎರಡೂ ಕೂರುವ ಎಎಂ4 ಸಾಕೆಟ್‌ನ ದೊಡ್ಡ ಅನುಕೂಲವೇ ಇದು. ಆದರೆ 5800ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. 2600ರ ಜೊತೆ ಬಂದಿದ್ದ ರೇತ್ ಸ್ಟೆಲ್ತ್ ಕೂಲರನ್ನೇ ಮತ್ತೆ ಕೂರಿಸಿದರೆ, ಭಾರಿ ಕೆಲಸ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಉಷ್ಣಾಂಶ 90 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಎಎಂಡಿ ಈ ಚಿಪ್‌ಗೆ ಇಟ್ಟಿರುವ ಗರಿಷ್ಠ ಮಿತಿಯೇ 90. ಅಲ್ಲಿಗೆ ಬಂದ ಮೇಲೆ ಚಿಪ್ ಸುಡುವುದಿಲ್ಲ, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಣ ಕೊಟ್ಟು ತಂದ ವೇಗ ಸಿಗುವುದಿಲ್ಲ, ಫ್ಯಾನ್ ಮಾತ್ರ ಇಡೀ ದಿನ ಕೂಗುತ್ತದೆ.

ಆಗ ಹೆಚ್ಚಿನವರು ಕೇಳುವ ಕೂಲರ್‌ಗಳಲ್ಲಿ ಒಂದು ಡೀಪ್‌ಕೂಲ್ ಎಕೆ400. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಸಾಮಾನ್ಯವಾಗಿ ಎರಡು–ಮೂರು ಸಾವಿರ ರೂಪಾಯಿಯ ನಡುವೆ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಕೂಲರ್ ಒಳ್ಳೆಯದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕೂಲರ್ ಹಾಕಿ ಬಯೋಸ್ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಮುಟ್ಟದೆ ಬಿಟ್ಟರೆ 5800ಎಕ್ಸ್ ತಣ್ಣಗಾಗುವುದಿಲ್ಲ. ಅರ್ಧ ಕೆಲಸ ಕೂಲರ್‌ನದು, ಉಳಿದರ್ಧ ಬಯೋಸ್‌ನಲ್ಲಿ ವಿದ್ಯುತ್ ಮಿತಿ ಇಡುವವರದು.

ಬಿಸಿ ಯಾಕೆ ಇಷ್ಟು

2600ರಲ್ಲಿ ಇರುವುದು ಸುಮಾರು 213 ಚದರ ಮಿಲಿಮೀಟರಿನ ಒಂದೇ ಸಿಲಿಕಾನ್ ತುಂಡು. ಸಾಕೆಟ್‌ನಿಂದ ಅದು ಎಳೆಯಬಹುದಾದ ಗರಿಷ್ಠ ವಿದ್ಯುತ್, ಅಂದರೆ ಪಿಪಿಟಿ, 88 ವ್ಯಾಟ್. 5800ಎಕ್ಸ್‌ನ ಪಿಪಿಟಿ 142 ವ್ಯಾಟ್. ಅದರಲ್ಲಿ ಮೆಮೊರಿ ಮತ್ತಿತರ ಸಂಪರ್ಕ ನೋಡಿಕೊಳ್ಳುವ ಐ/ಒ ಚಿಪ್‌ಗೆ ಹೋಗುವ ಹದಿನೈದಿಪ್ಪತ್ತು ವ್ಯಾಟ್ ಬಿಟ್ಟರೆ ಉಳಿದದ್ದೆಲ್ಲ ಎಂಟೂ ಕೋರ್‌ಗಳಿರುವ ಸುಮಾರು 81 ಚದರ ಮಿಲಿಮೀಟರಿನ ಒಂದು ಚಿಕ್ಕ ತುಂಡಿನಲ್ಲೇ ಖರ್ಚಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಶಾಖ ಮೂರು ಪಟ್ಟಿಗೂ ಹೆಚ್ಚು. 5900ಎಕ್ಸ್‌ನ ಪಿಪಿಟಿ ಕೂಡ 142 ವ್ಯಾಟೇ, ಆದರೆ ಅದರಲ್ಲಿ ಆರಾರು ಕೋರ್‌ಗಳ ಎರಡು ತುಂಡುಗಳಿರುವುದರಿಂದ ಶಾಖ ಹಂಚಿಹೋಗುತ್ತದೆ. ಹನ್ನೆರಡು ಕೋರ್‌ನ ಚಿಪ್‌ಗಿಂತ ಎಂಟು ಕೋರ್‌ನದು ಹೆಚ್ಚು ಕಾಯುವುದಕ್ಕೆ ಇದೇ ಕಾರಣ.

ಹಾಗಾಗಿ ಎಕೆ400 ಡಬ್ಬಿಯ ಮೇಲಿನ 220 ವ್ಯಾಟ್ ಎಂಬ ಸಂಖ್ಯೆಯನ್ನು ನೋಡಿ ಕೊಳ್ಳಬೇಡಿ. ಅಷ್ಟು ಶಾಖ ದೊಡ್ಡ ಮೇಲ್ಮೈಯಿಂದ ಬಂದರೆ ಕೂಲರ್ ಹೊರಹಾಕೀತು. ಇಲ್ಲಿ ತೊಡಕು ಇರುವುದು ಅದಕ್ಕೂ ಮೊದಲು: ಚಿಕ್ಕ ಸಿಲಿಕಾನ್‌ನಿಂದ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಕೂಲರ್ ತಳಕ್ಕೆ ಶಾಖ ದಾಟುವ ದಾರಿಯೇ ಕಿರಿದು. ಹತ್ತು–ಹನ್ನೆರಡು ಸಾವಿರ ಕೊಟ್ಟು ದೊಡ್ಡ ಲಿಕ್ವಿಡ್ ಕೂಲರ್ ತಂದರೂ ಕೆಲವೇ ಡಿಗ್ರಿ ಇಳಿದು ನಿರಾಸೆಯಾಗುವುದು ಇದಕ್ಕೇ.

ಕೂಲರ್‌ನಲ್ಲಿ ಏನಿದೆ

ಆರು ಮಿಲಿಮೀಟರಿನ ನಾಲ್ಕು ತಾಮ್ರದ ಹೀಟ್‌ಪೈಪ್‌ಗಳು, ಒಂದೇ ಗೋಪುರದ ಅಲ್ಯೂಮಿನಿಯಂ ರೆಕ್ಕೆಗಳು, 500ರಿಂದ 1850 ಆರ್‌ಪಿಎಂವರೆಗೆ ತಿರುಗುವ 120 ಮಿಲಿಮೀಟರ್ ಫ್ಯಾನ್. ಹೀಟ್‌ಪೈಪ್‌ಗಳು ಪ್ರೊಸೆಸರ್ ಮುಚ್ಚಳವನ್ನು ನೇರವಾಗಿ ಮುಟ್ಟುವ ವಿನ್ಯಾಸ. ಎತ್ತರ 155 ಮಿಲಿಮೀಟರ್. ಕೊಳ್ಳುವ ಮುನ್ನ ನಿಮ್ಮ ಕ್ಯಾಬಿನೆಟ್‌ನ ಸ್ಪೆಕ್ ಹಾಳೆಯಲ್ಲಿ ಸಿಪಿಯು ಕೂಲರ್ ಎತ್ತರದ ಮಿತಿ ನೋಡಿಕೊಳ್ಳಿ. ಅಗಲ ಕಡಿಮೆ ಇರುವ ಹಳೆಯ ಕ್ಯಾಬಿನೆಟ್‌ಗಳಲ್ಲಿ ಪಕ್ಕದ ಬಾಗಿಲು ಮುಚ್ಚದೆ ಹೋಗಬಹುದು. ಎತ್ತರದ ರ‍್ಯಾಮ್ ಕಡ್ಡಿ ಮೊದಲ ಸ್ಲಾಟ್‌ನಲ್ಲಿದ್ದು ಫ್ಯಾನಿಗೆ ತಾಗುವಂತಿದ್ದರೆ ಫ್ಯಾನನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಬಹುದು, ಆಗ ಎತ್ತರ ಅಷ್ಟೇ ಹೆಚ್ಚುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸದ್ದಿನ ವಿಷಯದಲ್ಲಿ ಈ ಫ್ಯಾನ್ ಮೆಚ್ಚುವಂಥದ್ದು. 1200 ಆರ್‌ಪಿಎಂ ಸುಮಾರಿಗೆ ಮೇಜಿನ ಕೆಳಗಿಟ್ಟ ಕ್ಯಾಬಿನೆಟ್‌ನಿಂದ ಸದ್ದು ಬರುವುದೇ ಗೊತ್ತಾಗುವುದಿಲ್ಲ. ಪೂರ್ತಿ ವೇಗದಲ್ಲಿ ಗಾಳಿಯ ಸದ್ದು ಕೇಳುತ್ತದೆ, ಕೀರಲು ಇಲ್ಲ.

ಕೂರಿಸುವಾಗ

ಹಳೆ ಪ್ರೊಸೆಸರ್ ಕೀಳುವ ಮೊದಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ಬಿ450ರ ಹಳೆಯ ಬಯೋಸ್‌ಗೆ 5000 ಸರಣಿಯ ಪರಿಚಯವಿಲ್ಲ, ಹೊಸ ಚಿಪ್ ಹಾಕಿದ ಮೇಲೆ ಪರದೆ ಕಪ್ಪಾಗೇ ಉಳಿಯುತ್ತದೆ. ಬೋರ್ಡ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಗೆ ಇರುವ ಇತ್ತೀಚಿನ ಸ್ಥಿರ ಆವೃತ್ತಿಯನ್ನೇ ಹಾಕಿ.

ಇನ್ನು ಹಳೆ ಕೂಲರ್ ತೆಗೆಯುವುದು. ಎಎಂ4ನಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನ ಕೆಳಗೆ. ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸಲು ನಡುವೆ ಹಚ್ಚಿರುವ ಪೇಸ್ಟ್ ವರ್ಷಗಟ್ಟಲೆ ಕಾದು ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಕೂಲರ್ ಮೇಲೆತ್ತಿದಾಗ ಲಾಕ್ ಆಗಿರುವ ಸಾಕೆಟ್‌ನಿಂದಲೇ ಪ್ರೊಸೆಸರ್ ಕಿತ್ತು ಬರುತ್ತದೆ. ಪಿನ್ ಬಾಗುವುದು ಆಗಲೇ. ಕಂಪ್ಯೂಟರನ್ನು ಹತ್ತು ನಿಮಿಷ ಭಾರಿ ಕೆಲಸದಲ್ಲಿ ಓಡಿಸಿ, ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪೇಸ್ಟ್ ಬಿಸಿಯಾಗಿರುವಾಗಲೇ ಸ್ಕ್ರೂ ಬಿಚ್ಚಿ. ನಂತರ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಹಿಡಿತ ಬಿಟ್ಟದ್ದು ಕೈಗೆ ಗೊತ್ತಾದ ಮೇಲೆ ಎತ್ತಿ. ನೇರವಾಗಿ ಎಳೆಯಲೇಬಾರದು.

ಎಕೆ400 ಬಳಸುವುದು ಬೋರ್ಡ್ ಜೊತೆ ಬಂದ ಬ್ಯಾಕ್‌ಪ್ಲೇಟನ್ನೇ. ಸ್ಟೆಲ್ತ್‌ನ ನಾಲ್ಕು ಸ್ಕ್ರೂ ಹೋಗುವುದೂ ಅದಕ್ಕೇ, ಆದ್ದರಿಂದ ಅವನ್ನು ಬಿಚ್ಚುವಾಗ ಒಂದು ಕೈ ಬೋರ್ಡ್ ಹಿಂದೆ ಇರಲಿ, ಇಲ್ಲವಾದರೆ ಬ್ಯಾಕ್‌ಪ್ಲೇಟ್ ಕ್ಯಾಬಿನೆಟ್ ಒಳಗೆ ಬಿದ್ದುಹೋಗುತ್ತದೆ. ಬಿಚ್ಚಿದ ಪ್ಲೇಟನ್ನು ಎಸೆಯಬೇಡಿ. ಹಳೆ ಬೋರ್ಡ್ ಕೊಂಡು ಅದಿಲ್ಲದೆ ಒದ್ದಾಡುವವರು ಕಡಿಮೆಯಿಲ್ಲ.

ಕೂಲರ್ ತಳದಲ್ಲಿ ಪೇಸ್ಟ್ ಮೊದಲೇ ಹಚ್ಚಿ ಬರುತ್ತದೆ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಮೊದಲ ಸಲ ಅದೇ ಸಾಕು, ಮುಚ್ಚಳ ತೆಗೆಯುವುದು ಮರೆಯದಿದ್ದರಾಯಿತು. ಕೂರಿಸಿ ಮತ್ತೆ ಎತ್ತಿದ್ದೇ ಆದರೆ ಆ ಪೇಸ್ಟ್ ಮುಗಿಯಿತು ಎಂದೇ ತಿಳಿಯಿರಿ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ನಾರು ಬಿಡದ ಬಟ್ಟೆಯಿಂದ ಎರಡೂ ಬದಿ ಒರೆಸಿ ಹೊಸದಾಗಿ ಹಚ್ಚಬೇಕು. ಆರ್ಕ್ಟಿಕ್ ಎಂಎಕ್ಸ್-4 ಥರದ್ದು ಒಂದು ಬಟಾಣಿಯಷ್ಟು ನಡುವೆ, ನಾಲ್ಕು ಮೂಲೆಗಳ ಕಡೆಗೆ ಸಣ್ಣ ಚುಕ್ಕೆಗಳು. ಎಂಟು ಕೋರ್‌ಗಳಿರುವ ತುಂಡು ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಬದಿಗಿದೆ. ನಡುವೆ ಮಾತ್ರ ಪೇಸ್ಟ್ ಹರಡಿ ಅಂಚು ಒಣಗಿ ಉಳಿದರೆ ಬಿಸಿ ಏರುವುದು ಅಲ್ಲೇ. ಮೇಲಾಗಿ ನೇರ ಸ್ಪರ್ಶದ ಹೀಟ್‌ಪೈಪ್‌ಗಳ ನಡುವಿನ ಸಣ್ಣ ಸಂದುಗಳನ್ನೂ ಪೇಸ್ಟೇ ತುಂಬಬೇಕು, ಆದ್ದರಿಂದ ತೀರಾ ಜಿಪುಣತನ ಬೇಡ.

ಎರಡು ಸ್ಪ್ರಿಂಗ್ ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು. ಎರಡೂ ಎರಡೆರಡು ಸುತ್ತು ಹಿಡಿದ ಮೇಲೆ ಅರ್ಧರ್ಧ ಸುತ್ತಿನಂತೆ ಸರದಿಯಲ್ಲಿ, ಸ್ಕ್ರೂ ತಾನಾಗಿ ನಿಲ್ಲುವವರೆಗೆ ಬಿಗಿಯಿರಿ. ಫ್ಯಾನ್ ರ‍್ಯಾಮ್ ಕಡೆಯಿಂದ ಹಿಂದಿನ ಎಕ್ಸಾಸ್ಟ್ ಕಡೆಗೆ ಗಾಳಿ ತಳ್ಳುವಂತಿರಲಿ, ಅದರ ವೈರ್ ಬೋರ್ಡ್‌ನ ಸಿಪಿಯು ಫ್ಯಾನ್ ಪಿನ್ನಿಗೇ ಹೋಗಲಿ.

ನಿರೀಕ್ಷಿಸಬೇಕಾದ ಉಷ್ಣಾಂಶ

ಕೋಣೆ 30 ಡಿಗ್ರಿ ಇದ್ದಾಗ ಸುಮ್ಮನೆ ಕೂತ ಕಂಪ್ಯೂಟರ್ ನಲವತ್ತರ ಆಸುಪಾಸಿನಲ್ಲಿರುತ್ತದೆ. ಬ್ರೌಸರ್ ತೆರೆದ ಕ್ಷಣ 55–60ಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಇದಕ್ಕೆ ಹೆದರಿ ಕೂಲರ್ ಬಿಚ್ಚಿ ಮತ್ತೆ ಕೂರಿಸುವವರೇ ಹೆಚ್ಚು. ಒಂದು ಕೋರ್‌ಗೆ ಹೆಚ್ಚು ವೋಲ್ಟೇಜ್ ಕೊಟ್ಟು 4.7 ಗಿಗಾಹರ್ಟ್ಸ್ ಕಡೆಗೆ ಒಯ್ಯುವುದು ಈ ಚಿಪ್‌ನ ಸಹಜ ನಡೆ. ಆ ಹಾರಾಟಕ್ಕೆ ಫ್ಯಾನ್ ಪ್ರತಿ ಸಲ ಕೂಗದಂತೆ ಬಯೋಸ್‌ನ ಫ್ಯಾನ್ ಸೆಟ್ಟಿಂಗ್‌ನಲ್ಲಿ ಸ್ಟೆಪ್ ಅಪ್ ಸಮಯವನ್ನು (ಬಿಸಿ ಏರಿದ ಮೇಲೆ ಫ್ಯಾನ್ ವೇಗ ಏರಿಸುವ ಮುನ್ನ ಕಾಯುವ ಸಮಯ) ಬೋರ್ಡ್ ಬಿಡುವಷ್ಟು ಹೆಚ್ಚಿಸಿ. 60 ಡಿಗ್ರಿವರೆಗೆ ಶೇ. 45, 75ಕ್ಕೆ ಶೇ. 70, 85ಕ್ಕೆ ಪೂರ್ತಿ ವೇಗ ಎಂಬ ರೇಖೆ ಎಕೆ400ಗೆ ಚೆನ್ನಾಗಿ ಹೊಂದುತ್ತದೆ.

ಆಟಗಳಲ್ಲಿ 65ರಿಂದ 78ರ ನಡುವೆ. ಎಲ್ಲ ಕೋರ್‌ಗಳನ್ನೂ ದುಡಿಸುವ ಪರೀಕ್ಷಾ ತಂತ್ರಾಂಶ ಸಿನೆಬೆಂಚ್ ಆರ್23 ಅನ್ನು ಹತ್ತು ನಿಮಿಷ ಓಡಿಸಿದರೆ, 142 ವ್ಯಾಟ್‌ನಲ್ಲೇ ಬಿಟ್ಟಿದ್ದರೆ, 85 ದಾಟಿ 90ರ ಹತ್ತಿರ. ಕೋಣೆಯ ಉಷ್ಣಾಂಶ ಏರಿದಷ್ಟೂ ಪ್ರೊಸೆಸರ್‌ನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಏಪ್ರಿಲ್–ಮೇನಲ್ಲಿ ಕಲಬುರಗಿ, ರಾಯಚೂರುಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಇದೇ ಜೋಡಿ 90ರ ಗೋಡೆಗೆ ಬಡಿಯುತ್ತದೆ. ವಿದೇಶಿ ವಿಮರ್ಶೆಗಳು 20–22 ಡಿಗ್ರಿ ಕೋಣೆಯಲ್ಲಿ ಅಳೆದ ಸಂಖ್ಯೆಗಳನ್ನು ನಮ್ಮ ಬೇಸಿಗೆಗೆ ಹಾಗೇ ಅನ್ವಯಿಸಬಾರದು.

ಅಳೆಯಲು ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಪ್ರೊಸೆಸರ್ ಉಷ್ಣಾಂಶ ತೋರಿಸುವ ಟಿಸಿಟಿಎಲ್/ಟಿಡೈ ಸಾಲು ನೋಡಿ, ಜೊತೆಗೆ ಪಿಪಿಟಿ ಸಾಲನ್ನೂ. ಕೆಲಸದ ಹೊರೆ ಕೊಟ್ಟ ಎರಡು–ಮೂರು ಸೆಕೆಂಡಿನಲ್ಲೇ 90 ಮುಟ್ಟಿ, ಪಿಪಿಟಿ ನೂರು ವ್ಯಾಟನ್ನೂ ದಾಟದಿದ್ದರೆ ತಪ್ಪಿರುವುದು ಕೂರಿಸಿದ್ದರಲ್ಲಿ: ಪೇಸ್ಟ್, ಒತ್ತಡ, ಇಲ್ಲವೇ ತೆಗೆಯದ ಪ್ಲಾಸ್ಟಿಕ್. ಐದಾರು ನಿಮಿಷಗಳಲ್ಲಿ ನಿಧಾನವಾಗಿ ಏರಿದರೆ ಕ್ಯಾಬಿನೆಟ್ ಗಾಳಿಯ ಕೊರತೆ. ಪಕ್ಕದ ಬಾಗಿಲು ತೆಗೆದು ಅದೇ ಪರೀಕ್ಷೆ ಮಾಡಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಮುಂದೆ ಎರಡು 120 ಮಿಲಿಮೀಟರ್ ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಬೇಕೇ ಬೇಕು. ಮುಂಭಾಗ ಪೂರ್ತಿ ಗಾಜಿರುವ ಕ್ಯಾಬಿನೆಟ್‌ಗಳು ನೋಡಲು ಚೆಂದ, ಈ ಚಿಪ್‌ಗೆ ಮಾತ್ರ ಶಿಕ್ಷೆ.

ಬಯೋಸ್‌ನ ಅರ್ಧ

ಪಿಬಿಒ ಎಂಬುದು ಚಿಪ್‌ನ ವಿದ್ಯುತ್ ಮಿತಿಗಳನ್ನು ಬದಲಿಸುವ ಎಎಂಡಿಯ ಸೌಲಭ್ಯ. ಕೆಲವು ಬೋರ್ಡ್‌ಗಳು ಪಿಬಿಒ ಆಟೋ ಎಂದಿದ್ದರೂ ಮಿತಿಗಳನ್ನು ತಾವೇ ಏರಿಸಿಕೊಳ್ಳುತ್ತವೆ. ಮೊದಲು ಅದನ್ನು ಡಿಸೇಬಲ್ ಮಾಡಿ ನೋಡಿ. ಆಮೇಲಿನ ಸುಲಭ ದಾರಿ 65 ವ್ಯಾಟ್‌ನ ಇಕೋ ಮೋಡ್. ಅದು ಪಿಪಿಟಿಯನ್ನು 88 ವ್ಯಾಟಿಗೆ ಇಳಿಸುತ್ತದೆ. ಸಿನೆಬೆಂಚ್‌ನಲ್ಲೂ ಉಷ್ಣಾಂಶ ಎಪ್ಪತ್ತರ ಒಳಗೆ ಬರುತ್ತದೆ. ಆಟಗಳಲ್ಲಿ ವ್ಯತ್ಯಾಸ ಗುರುತಿಸುವುದೇ ಕಷ್ಟ, ಏಕೆಂದರೆ ಆಟಗಳು ಎಂಟೂ ಕೋರ್‌ಗಳನ್ನು ಒಟ್ಟಿಗೆ ದುಡಿಸುವುದು ಅಪರೂಪ. ವಿಡಿಯೋ ರೆಂಡರಿಂಗ್, ದೊಡ್ಡ ಕಂಪೈಲ್ ಮಾಡುವವರಿಗೆ ಸ್ವಲ್ಪ ಸಮಯ ಹೆಚ್ಚು ಹಿಡಿಯುತ್ತದೆ.

ಅಂಥವರು ಪಿಬಿಒ ಅಡ್ವಾನ್ಸ್‌ಡ್‌ನಲ್ಲಿ ಮಿತಿಗಳನ್ನು ಮ್ಯಾನ್ಯುಯಲ್ ಮಾಡಿ ಪಿಪಿಟಿ 110ರಿಂದ 115 ಕೊಡಲಿ. ವ್ಯಾಟ್ ಕೇಳುತ್ತಿದೆಯೋ ಮಿಲಿವ್ಯಾಟೋ ನೋಡಿಕೊಳ್ಳಿ. ಅದೇ ಪುಟದಲ್ಲಿ ಪ್ಲಾಟ್‌ಫಾರ್ಮ್ ಥರ್ಮಲ್ ಥ್ರಾಟಲ್ ಲಿಮಿಟ್ ಇದ್ದರೆ 85 ಹಾಕಿ. ನಂತರ ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್: ಎಲ್ಲ ಕೋರ್‌ಗೂ ನೆಗೆಟಿವ್ 10ರಿಂದ ಶುರುಮಾಡಿ 15, 20ಕ್ಕೆ ಹೋಗಿ. ಒಂದೊಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ, ಅದೇ ವ್ಯಾಟ್‌ನಲ್ಲಿ ವೇಗ ಹೆಚ್ಚುತ್ತದೆ. ಕೆಟ್ಟರೆ ಕೆಡುವುದು ಭಾರಿ ಕೆಲಸದಲ್ಲಲ್ಲ, ಸುಮ್ಮನಿರುವಾಗ: ಕಂಪ್ಯೂಟರ್ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗುತ್ತದೆ, ವಿಂಡೋಸ್ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಎಂಬ ಹಾರ್ಡ್‌ವೇರ್ ದೋಷ ಕಾಣುತ್ತದೆ. ಸಿನೆಬೆಂಚ್ ಮುಗಿಸಿತು ಎಂದು ನಂಬಬೇಡಿ, ಕೋರ್‌ಸೈಕ್ಲರ್‌ನಲ್ಲಿ ಒಂದೊಂದೇ ಕೋರ್ ಪರೀಕ್ಷಿಸಿ. ಎಎಂಡಿಯ ರೈಜನ್ ಮಾಸ್ಟರ್ ತಂತ್ರಾಂಶ ನಕ್ಷತ್ರ ಹಾಕಿ ತೋರಿಸುವ ಅತ್ಯುತ್ತಮ ಕೋರ್‌ಗಳೇ ಸಾಮಾನ್ಯವಾಗಿ ಮೊದಲು ಸೋಲುತ್ತವೆ, ಅವಕ್ಕೆ ಕಡಿಮೆ ಅಂಕಿ ಕೊಡಿ. ಪಿಬಿಒ ಓವರ್‌ಕ್ಲಾಕಿಂಗ್ ಲೆಕ್ಕಕ್ಕೆ ಸೇರುತ್ತದೆ, ಅದರಿಂದಾದ ಹಾನಿಗೆ ಎಎಂಡಿ ವಾರಂಟಿ ಇಲ್ಲ ಎಂಬುದೂ ಗೊತ್ತಿರಲಿ.

ಯಾರೂ ನೋಡದ ಇನ್ನೊಂದು ಜಾಗ ವಿಆರ್‌ಎಂ, ಅಂದರೆ ಪ್ರೊಸೆಸರ್‌ಗೆ ವಿದ್ಯುತ್ ಹದಗೊಳಿಸಿ ಕೊಡುವ ಬೋರ್ಡ್‌ನ ಭಾಗ. ಹಳೆಯ ಸ್ಟೆಲ್ತ್ ಗಾಳಿಯನ್ನು ಬೋರ್ಡ್ ಮೇಲೆ ಊದುತ್ತಿತ್ತು, ಅದರಿಂದ ಸುತ್ತಲಿನ ವಿಆರ್‌ಎಂ ಕೂಡ ತಣ್ಣಗಿರುತ್ತಿತ್ತು. ಎಕೆ400 ಥರದ ಗೋಪುರ ಕೂಲರ್ ಗಾಳಿಯನ್ನು ಅಡ್ಡಕ್ಕೆ ಕಳಿಸುತ್ತದೆ. ಹೀಟ್‌ಸಿಂಕ್ ಇಲ್ಲದ ಅಗ್ಗದ ಬಿ450 ಬೋರ್ಡ್‌ನಲ್ಲಿ ಪ್ರೊಸೆಸರ್ 75ರಲ್ಲಿದ್ದರೂ ವಿಆರ್‌ಎಂ ನೂರು ದಾಟಿ ವೇಗ ದಿಢೀರನೆ ಕುಸಿಯುವುದು ಹೀಗೆ. ಎಚ್‌ಡಬ್ಲ್ಯುಇನ್ಫೋದಲ್ಲಿ ವಿಆರ್‌ಎಂ ಅಥವಾ ಎಂಒಎಸ್ ಎಂಬ ಸಾಲಿದ್ದರೆ ಅದರ ಮೇಲೂ ಕಣ್ಣಿರಲಿ. ಅಂಥ ಬೋರ್ಡ್‌ಗೆ ಇಕೋ ಮೋಡ್ ಒಂದೇ ನೆಟ್ಟಗಿನ ದಾರಿ.

ದಿನವಿಡೀ ರೆಂಡರ್ ಮಾಡುವವರು, 142 ವ್ಯಾಟೂ ಬೇಕೆನ್ನುವವರು ಇನ್ನೊಂದು ಸಾವಿರ ರೂಪಾಯಿಯಷ್ಟು ಸೇರಿಸಿ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ನೋಡಲಿ: ಎರಡು ಗೋಪುರ, ಆರು ಹೀಟ್‌ಪೈಪ್, ಎರಡು ಫ್ಯಾನ್, ಎತ್ತರ ಅದೇ 155. ಉಳಿದವರಿಗೆ ಎಕೆ400 ಸಾಕು. ಮೂರು–ನಾಲ್ಕು ತಿಂಗಳಿಗೊಮ್ಮೆ ಫ್ಯಾನ್ ಬಿಚ್ಚಿ ರೆಕ್ಕೆಗಳ ನಡುವಿನ ಧೂಳನ್ನು ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ, ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.